ಎಲ್ಲರಿಗೂ ಜೋಡಿಯಾದ ತಿಪ್ಪೇಶ

ಆಂಧ್ರದ ಆದವಾನಿಯ ಹತ್ತಿ ಮಾರುಕಟ್ಟೆಗೆ ಹೋಗಿ ತಿಪ್ಪೇಶ ಎಲ್ಲಿ ಎಂದರೆ, ಯಾವ ತಿಪ್ಪೇಶ ಎಂದು ಕೇಳುತ್ತಾರೆ. ಹಮಾಲಿಗಳಲ್ಲೇ ಆ ಹೆಸರಿನವರು ಏಳೆಂಟು ಮಂದಿ ಇದ್ದಾರೆ. ಜೋಡಿ ತಿಪ್ಪೇಶ ಅನ್ನಬೇಕು. ಆಗ ಯಾರಾದರೂ ಬಾಯಲ್ಲಿನ ಎಲೆಯಡಿಕೆ ಆ ಕಡೆ ತಳ್ಳಿಕೊಂಡು, ಇಂಥ ಲಾರಿಯ ಹತ್ತಿರ ಇದ್ದಾನೆ ನೋಡಿ ಎಂದು ಕೈ ತೋರಿಸುತ್ತಾರೆ.

ಹಮಾಲಿ ಕೆಲಸ ಒಬ್ಬನಿಂದ ಆಗುವುದಲ್ಲ. ಹತ್ತಿ ತುಂಬಿದ ದೊಡ್ಡ ಚೀಲ, ಬೋರಾ, ಎತ್ತಿ ಒಬ್ಬನ ಬೆನ್ನಿಗೆ ಕೊಡಲು ಇನ್ನೊಬ್ಬ ಬೇಕು. ಕೊಡುವವನು ಅವಸರ ಮಾಡಿ ದಪ್ಪನೆ ಹಾಕಿದರೆ ಹೊರುವವನ ಸೊಂಟ ಹೋಗುತ್ತದೆ. ತಿಪ್ಪೇಶ ಬೋರಾ ಇಟ್ಟ ಮೇಲೂ ಎರಡು ಕೈ ಅದರ ಮೇಲೆಯೇ ಇಟ್ಟಿರುತ್ತಾನೆ. ಹೊರುವವನು ಕಾಲು ಸರಿಮಾಡಿಕೊಂಡು ಉಸಿರು ಬಿಟ್ಟ ಮೇಲೇ ಕೈ ತೆಗೆಯುತ್ತಾನೆ. ಅದಕ್ಕೇ ಬೆಳಗ್ಗೆ ಗೇಟು ತೆಗೆದ ಕೂಡಲೇ ನಾಲ್ಕು ಜನ ಅವನನ್ನು ಕರೆಯುತ್ತಾರೆ.

"ಲೇ ತಿಪ್ಪೇಶ, ಇವತ್ತು ನನ್ ಜೋಡಿ."

"ನಿನ್ನೀನೂ ನಿನ್ ಜೋಡೀನೇ ಇದ್ದನಲ್ಲೋ, ಏನು ಲಗ್ನ ಆಗೀಯೇನು ಅವನ್ನ?"

ನಾನು ಲಾರಿಗಳ ಸ್ಪ್ರಿಂಗ್ ಪಟ್ಟಿ ಕೆಲಸ ಮಾಡುವವನು. ಮುರಿದ ಪಟ್ಟಿ ಬಿಚ್ಚಿ, ಕಾಯಿಸಿ, ಬಡಿದು, ಮತ್ತೆ ಕೂರಿಸುವುದು. ನನ್ನ ಅಂಗಡಿ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲೇ ಇದ್ದರೂ ತಿಪ್ಪೇಶನ ಮುಖ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಅವನು ಪರಿಚಯವಾದದ್ದು ನನ್ನ ಮಗಳು ಚೇತನಾಳಿಂದ.

ಚೇತನಾ ಡಿಗ್ರಿ ಕೊನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಎರಡು ವರ್ಷದಿಂದ ಬೆಳಗ್ಗೆ ಐದೂವರೆಗೆ ಎದ್ದು ಬ್ರೆಜಿಲಿಯನ್ ಜಿಯು-ಜಿಟ್ಸು ಕಲಿಯಲು ಹೋಗುತ್ತಾಳೆ. ಅದೂ ಒಂದು ಥರದ ಕುಸ್ತಿ. ಎದುರಿನವರನ್ನು ನೆಲಕ್ಕೆ ತಂದು ಕೈಯನ್ನೋ ಕುತ್ತಿಗೆಯನ್ನೋ ಸಿಕ್ಕಿಸಿ ಬಿಗಿಯಬೇಕು. ಸಿಕ್ಕವರು ಇನ್ನು ಸಾಕು ಎಂದು ಎರಡು ಸಲ ತಟ್ಟಿದರೆ ಆ ಕ್ಷಣವೇ ಬಿಡಬೇಕು. ಕೈ ಸಿಕ್ಕಿಬಿದ್ದಿದ್ದರೆ ಬಾಯಿಂದ ಹೇಳಿದರೂ ಆಯಿತು. ಪುಣೆಯಲ್ಲಿ ಜಿಮ್ ಕೆಲಸ ಮಾಡುತ್ತ ಇದನ್ನು ಕಲಿತು ಬಂದ ಉದಯಕುಮಾರ್ ಎಂಬ ಹುಡುಗ, ಮುಚ್ಚಿದ ಜಿನ್ನಿಂಗ್ ಮಿಲ್ಲಿನ ಒಂದು ಗೋದಾಮು ಹಿಡಿದು ಕಲಿಸುತ್ತಾನೆ. ನೆಲಕ್ಕೆ ಮಿಲ್ಲಿನ ಕಸರು ಹತ್ತಿ ತುಂಬಿದ ಗಾದಿಗಳು, ಮೇಲೆ ಬಿಗಿಯಾಗಿ ಕಟ್ಟಿದ ಲಾರಿ ತಾಡಪಾಲು. ಒಳಗೆ ಕಾಲಿಟ್ಟರೆ ಈಗಲೂ ಹತ್ತಿಬೀಜದ ಎಣ್ಣೆಯ ವಾಸನೆ ಬರುತ್ತದೆ.

ಆ ಗಾದಿಗಳನ್ನು ಮೊದಲ ದಿನ ಹೊತ್ತು ತಂದು ಹಾಸಿದವನೇ ತಿಪ್ಪೇಶ. ಹಾಸಿ ಮುಗಿಸಿ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದನಂತೆ. ಉದಯಕುಮಾರನಿಗೆ ಪಟ್ಟು ತೋರಿಸಲು ಒಂದು ಆಳು ಬೇಕಾಗಿತ್ತು. "ಅನ್ನಾ, ಕೊಂಚೆಂ ಇಲಾ ರಾ" ಎಂದು ತೆಲುಗಿನಲ್ಲಿ ಕರೆದ. ಹೋದವನು ನಾಲ್ಕು ವರ್ಷವಾದರೂ ಬಿಟ್ಟಿಲ್ಲ. ಎಂಟು ಗಂಟೆಗೆ ಮಾರುಕಟ್ಟೆ, ಅದಕ್ಕೂ ಮೊದಲು ಇದು.

ಹೆಣ್ಣುಮಗಳು ಕುಸ್ತಿ ಕಲಿಯುವುದಕ್ಕೆ ನಾನು ಬೇಡ ಅನ್ನಲಿಲ್ಲ. ವಯಸ್ಸಿನಲ್ಲಿ ನಾನೂ ಗರಡಿ ಮಣ್ಣು ಮೆತ್ತಿಕೊಂಡವನೇ. ಅವಳಿಗೆ ಜೋಡಿಯಾಗಿ ವಿಷ್ಣುಪ್ರಿಯಾ ಎಂಬ ಹುಡುಗಿ ಇದ್ದಳು. ಈ ವರ್ಷ ಆ ಹುಡುಗಿ ಬಿ.ಇಡಿ. ಓದಲು ಕರ್ನೂಲಿಗೆ ಹೋದಳು. ಉಳಿದವರೆಲ್ಲ ಗಂಡಸರು. ಅದೇ ಹೊತ್ತಿಗೆ ವಿಜಯವಾಡದಲ್ಲಿ ರಾಜ್ಯ ಮಟ್ಟದ ಪಂದ್ಯ ಇದೆ ಎಂದು ಸುದ್ದಿ ಬಂತು. ಚೇತನಾ ಮೊದಲ ಸಲ ಪಂದ್ಯಕ್ಕೆ ಇಳಿಯುವವಳು, ದಿನಾ ಯಾರ ಜೊತೆಗಾದರೂ ಹಿಡಿಯಲೇಬೇಕು.

"ಆ ಗಂಡಸರ ಕೂಡ ಹಿಡಿಯೋದು ಬ್ಯಾಡ. ನಾನ ಬರ್ತೀನಿ ಜೋಡಿಗೆ" ಎಂದೆ.

ನನ್ನ ಹೆಂಡತಿ ಗುರುಬಸಮ್ಮ ರೊಟ್ಟಿ ಬಡಿಯುವುದು ನಿಲ್ಲಿಸಿದಳು. "ನಿಮಗ ನಲವತ್ತೆಂಟ್ರಿ."

"ಆದ್ರೇನು?"

"ಏನಿಲ್ಲ. ಮೊಣಕಾಲಿಗೆ ಎಣ್ಣಿ ತಿಕ್ಕೋಳು ನಾನು, ಅದಕ್ಕ ಹೇಳಿದೆ."

ಮೊದಲ ದಿನ ಗೋದಾಮಿನ ಬಾಗಿಲಲ್ಲೇ ತಿಪ್ಪೇಶ ನನ್ನನ್ನು ನಿಲ್ಲಿಸಿದ. ನನ್ನ ಕೈ ಹಿಡಿದು ಉಗುರು ನೋಡಿದ. ಆಮೇಲೆ ಸೊಂಟದ ಕಡೆ ಬೆರಳು ಮಾಡಿ, "ಏಕಾಂತಣ್ಣ, ಉಡದಾರದಾಗ ಅಂಗಡಿ ಬೀಗದಕೈ ಐತ್ರಿ. ತಗೀರಿ. ನಿಮಗಲ್ಲ, ನಿಮ್ ಮ್ಯಾಲ ಬೀಳೋರಿಗೆ ಚುಚ್ಚತೈತಿ" ಎಂದ. ಅವನು ಮನೆಯಿಂದ ಸ್ನಾನ ಮಾಡಿ ಬಂದಿದ್ದ. ಅವನ ಹೆಂಡತಿ ಗಂಗೋತ್ರಿ ಒಗೆದು ಒಣಗಿಸಿದ ದಪ್ಪ ಅಂಗಿ, ಹೊಸಬರಿಗೆ ಕೊಡುವ ಬಿಳಿ ಬೆಲ್ಟು. ನಾಲ್ಕು ವರ್ಷವಾದರೂ ಬಿಳಿಯೇ, ಹತ್ತಿ ಧೂಳಿಗೆ ಬೂದಿ ಬಣ್ಣ ಬಂದಿತ್ತು. ಹಮಾಲಿಯೊಬ್ಬ ನನ್ನ ಉಗುರು ನೋಡುವುದೇ ಎಂದು ನನಗೆ ಒಳಗೇ ಕುದಿಯಿತು. ಆದರೂ ಬೀಗದಕೈ ತೆಗೆದೆ.

ಅವನು ಹಿಡಿಯುವುದನ್ನು ನೋಡಿದೆ. ಬ್ಯಾಂಕಿನ ಕ್ಲರ್ಕ್ ಚಂದ್ರಮೋಹನ್ ಅವನ ಎದುರು ಕೂತರೆ ಚಂದ್ರಮೋಹನನಷ್ಟೇ ಬಲ, ಪೊಲೀಸ್ ಪರೀಕ್ಷೆಗೆ ತಯಾರಾಗುತ್ತಿದ್ದ ಸಾಯಿಕುಮಾರ್ ಕೂತರೆ ಸಾಯಿಕುಮಾರನಿಗಿಂತ ಒಂದು ಗುಂಜಿ ಹೆಚ್ಚು. ಎರಡು ಕ್ವಿಂಟಲ್ ಜಗ್ಗುವವನು ಹುಡುಗರ ಕೈಯಲ್ಲಿ ಉರುಳುತ್ತಿದ್ದ. ಸಿಕ್ಕಿಬಿದ್ದರೆ ತಟ್ಟುತ್ತಿದ್ದ, ಎದ್ದು ಕೂತು ನಗುತ್ತಿದ್ದ. ಇವನೇನು ಗಂಡಸು ಎಂದುಕೊಂಡೆ. ನಮ್ಮ ಗರಡಿಯಲ್ಲಿ ತಟ್ಟುವುದು ಎಂಬುದೇ ಇರಲಿಲ್ಲ. ಬೆನ್ನು ಮಣ್ಣಿಗೆ ಹತ್ತಬೇಕು, ಇಲ್ಲ ಉಸ್ತಾದರು ಬಿಡಿ ಅನ್ನಬೇಕು. ಅಲ್ಲಿಯವರೆಗೆ ಹಲ್ಲು ಕಚ್ಚಿ ಇರಬೇಕು. ನಾನು ಕಲಿತದ್ದು ಅದು.

ಹನ್ನೊಂದನೆಯ ದಿನ ಆದದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ. ಚೇತನಾ ನನ್ನ ಬೆನ್ನಿಗೆ ಬಂದು ಕುತ್ತಿಗೆಗೆ ತೋಳು ಸುತ್ತಿದಳು. ಸರಿಯಾಗಿ ಸಿಕ್ಕಿತ್ತು. ತಟ್ಟಬೇಕಿತ್ತು. ಹತ್ತು ಜನ ನೋಡುತ್ತಿದ್ದರು, ನಾನು ಹಲ್ಲು ಕಚ್ಚಿದೆ. ಅಪ್ಪ ತಟ್ಟಿಲ್ಲ ಅಂದರೆ ಇನ್ನೂ ಸಿಕ್ಕಿಲ್ಲ ಎಂದುಕೊಂಡು ಅವಳು ಇನ್ನೊಂದಿಷ್ಟು ಬಿಗಿದಳು. ಕಣ್ಣ ಮುಂದಿನ ತಗಡಿನ ಸೂರು ಕಪ್ಪಾದದ್ದು ನೆನಪಿದೆ. ಕಣ್ಣು ಬಿಟ್ಟಾಗ ನನ್ನ ಕಾಲುಗಳನ್ನು ಉದಯಕುಮಾರ್ ಮೇಲೆತ್ತಿ ಹಿಡಿದಿದ್ದ, ತಿಪ್ಪೇಶ ನನ್ನ ತಲೆಯ ಕೆಳಗೆ ಕೈ ಕೊಟ್ಟು ಕೂತಿದ್ದ. ಚೇತನಾ ಗೋಡೆಗೆ ಒರಗಿ ಎರಡೂ ಕೈ ಬಗಲಲ್ಲಿ ಇಟ್ಟುಕೊಂಡಿದ್ದಳು, ಸುಟ್ಟುಕೊಂಡವರ ಹಾಗೆ.

"ಏನೂ ಆಗಿಲ್ಲ" ಎಂದು ಎದ್ದು ನಿಂತೆ. ನಿಜವಾಗಿಯೂ ನನಗೇನೂ ಆಗಿರಲಿಲ್ಲ. ಆದದ್ದು ಅವಳಿಗೆ.

ಮರುದಿನದಿಂದ ಅವಳ ಕೈ ಅರ್ಧಕ್ಕೆ ನಿಲ್ಲುತ್ತಿತ್ತು. ಯಾರ ಕುತ್ತಿಗೆ ಸಿಕ್ಕರೂ, ಯಾರ ತೋಳು ಸಿಕ್ಕರೂ, ಬಿಗಿಯುವ ಹೊತ್ತಿಗೆ ಸಡಿಲ ಬಿಡುತ್ತಿದ್ದಳು. ಚಂದ್ರಮೋಹನ್ ಕೂಡ ಅವಳನ್ನು ತಳ್ಳಿ ಎದ್ದುಬಿಟ್ಟ. ಉದಯಕುಮಾರ್ ನನ್ನನ್ನು ಹೊರಗೆ ಕರೆದು ಹೇಳಿದ: "ಸರ್, ಬರೋ ಸೋಮವಾರದೊಳಗ ಹೆಸರು ಕೊಡಬೇಕು. ಆಕಿ ಹಿಂಗ ಇದ್ರ ನಾನು ಕೊಡಂಗಿಲ್ಲ. ಮುಗಿಸೋ ಪಟ್ಟು ಅರ್ಧಕ್ಕ ಬಿಡೋರು ಪಂದ್ಯದಾಗ ತಾವೇ ಪೆಟ್ಟು ತಿಂತಾರ."

ಎಂಟು ದಿನ ಉಳಿದಿತ್ತು. ಮನೆಯಲ್ಲಿ ಚೇತನಾ ನನ್ನ ತಟ್ಟೆಗೆ ಬಡಿಸಿ ಒಳಗೆ ಹೋಗುತ್ತಿದ್ದಳು. ಎರಡು ವರ್ಷ ನಸುಕಿನಲ್ಲಿ ಎದ್ದದ್ದು ನನ್ನಿಂದ ಹಾಳಾಯಿತು ಎಂದು ಅವಳು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು.

ನಾನು ಗೋದಾಮಿಗೆ ಹೋಗುವುದು ಬಿಟ್ಟೆ. ಎರಡು ದಿನ ಕಳೆದ ಮೇಲೆ ಮಧ್ಯಾಹ್ನದ ಹೊತ್ತಿಗೆ ತಿಪ್ಪೇಶ ನನ್ನ ಅಂಗಡಿಗೆ ಬಂದು ಹಳೆಯ ಟೈರಿನ ಮೇಲೆ ಕುಳಿತ. ನಾನು ಕಾದ ಪಟ್ಟಿ ಬಡಿಯುತ್ತಿದ್ದೆ.

"ನನಗ ಬುದ್ಧಿ ಹೇಳಾಕ ಬಂದೀಯೇನಲೇ?"

"ಇಲ್ರಿ. ಚಾ ಕುಡಿಯಾಕ ಬಂದೀನಿ."

ಚಹಾ ತರಿಸಿದೆ. ಅವನು ಊದಿ ಊದಿ ಕುಡಿದ. ಲೋಟ ಹಿಡಿದಿದ್ದ ಎಡಗೈಯ ಎರಡು ಬೆರಳು ಸೊಟ್ಟಗಿದ್ದವು. ಅದುವರೆಗೆ ನಾನು ಅದನ್ನು ಸರಿಯಾಗಿ ನೋಡಿರಲಿಲ್ಲ.

"ಅದೇನು ಬೆರಳಿಗೆ?"

"ಇದಾ? ನನ್ ಜೋಡಿ ಸೂರಿ ಬಿದ್ದಾಗ ಆಗಿದ್ರಿ ಇದು" ಎಂದ. ಆಮೇಲೆ ನಾನು ಕೇಳುತ್ತ ಹೋದೆ, ಅವನು ಹೇಳುತ್ತ ಹೋದ.

ತಿಪ್ಪೇಶನ ಊರು ಆಲೂರಿನ ಆಚೆ. ಎರಡನೆಯ ತರಗತಿಯವರೆಗೆ ಕನ್ನಡ ಶಾಲೆ, ಮೂರನೆಯದಕ್ಕೆ ತೆಲುಗು ಶಾಲೆಗೆ ಹಾಕಿದರು, ಅಲ್ಲಿ ಮಾಸ್ತರರು ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರ ಕೊಟ್ಟು ಏಟು ತಿಂದು ಶಾಲೆಯನ್ನೇ ಬಿಟ್ಟ. ಹದಿನೈದಕ್ಕೆ ಅಪ್ಪನ ಹಿಂದೆ ಆದವಾನಿಗೆ ಬಂದು ಬೋರಾ ಹೊರಲು ನಿಂತ. ಸೂರಿ ಅವನ ಮೊದಲ ಜೋಡಿ, ಓರಗೆಯವನು. ಇಬ್ಬರೂ ಒಂದೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು.

ಹಮಾಲಿಗಳಲ್ಲಿ ಒಂದು ಕಟ್ಟಳೆ ಇದೆ. ಬೋರಾ ಹೊತ್ತು ಲಾರಿಯ ಹಲಗೆ ಹತ್ತುವಾಗ ಕಾಲು ನಡುಗಿದರೆ, ಉಸಿರು ಹಿಡಿದರೆ, "ಬರುವು!" ಎಂದು ಕೂಗಬೇಕು. ಭಾರ ಎಂಬುದಕ್ಕೆ ತೆಲುಗಿನ ಮಾತು. ಆ ಕೂಗು ಕೇಳಿದರೆ ಯಾರ ಕೈಯಲ್ಲಿ ಏನಿದ್ದರೂ ಬಿಟ್ಟು ಓಡಿ ಬಂದು ಕೈ ಕೊಡಬೇಕು. ಕೂಗಿದವನನ್ನು ನೋಡಿ ನಗಬಾರದು. ನಕ್ಕವನಿಗೆ ಅವತ್ತು ಯಾರೂ ಜೋಡಿಯಾಗುವುದಿಲ್ಲ, ಅವನು ಕೆಲಸವಿಲ್ಲದೆ ಮನೆಗೆ ಹೋಗಬೇಕು.

"ಸೂರಿ ಗಟ್ಟಿ ಆಳ್ರಿ. ಎಂದೂ ಕೂಗಿದವನಲ್ಲ. ಅವತ್ತು ಜ್ವರ ಇತ್ತು ಅವಗ. ನನಗೂ ಹೇಳಲಿಲ್ಲ. ಹಲಗಿ ಅರ್ಧ ಹತ್ಯಾನ, ನಾನು ಕೆಳಗ ಹಿಂದ ಅದೀನಿ. ಬೆನ್ನು ನೋಡಿದ್ರ ಗೊತ್ತಾಗತಿತ್ತು, ನಡುಗತೈತಿ. 'ಕೂಗಲೇ' ಅಂದೆ. ಕೂಗಲಿಲ್ಲ. ಬೋರಾ ಸಮೇತ ನನ್ ಮ್ಯಾಲ ಬಿದ್ದ. ನಂದು ಎರಡು ಬೆರಳು. ಅವಂದು ಬೆನ್ನು."

ಸೂರಿ ಈಗ ಊರಿನಲ್ಲಿ ಕೂತು ಸಣ್ಣ ಅಂಗಡಿ ನೋಡಿಕೊಳ್ಳುತ್ತಾನೆ. ತಿಪ್ಪೇಶ ತಿಂಗಳಿಗೊಮ್ಮೆ ಹೋಗಿ ಅವನ ಬೆನ್ನು ತಿಕ್ಕಿ ಸ್ನಾನ ಮಾಡಿಸಿ ಬರುತ್ತಾನೆ.

"ಆಮ್ಯಾಲ ಒಂದು ವರ್ಸ ನಾನು ಯಾರ ಬೆನ್ನಿಗೂ ಬೋರಾ ಕೊಡಲಿಲ್ರಿ. ಕೈ ಬರತಿದ್ದಿಲ್ಲ. ಇವನೂ ಕೂಗದಿದ್ರ ಏನ್ ಮಾಡ್ಲಿ ಅಂತ." ಅವನು ಲೋಟ ಕೆಳಗಿಟ್ಟ. "ಚೇತನವ್ವಗ ಈಗ ಹಂಗ ಆಗೈತಿ. ಅಷ್ಟ."

ನನ್ನ ಕೈಯಲ್ಲಿ ಸುತ್ತಿಗೆ ಇತ್ತು. ಪಟ್ಟಿ ತಣ್ಣಗಾಗಿತ್ತು. ಅದನ್ನು ಮತ್ತೆ ಬೆಂಕಿಗೆ ಹಾಕಿದೆ.

"ಮತ್ತ ನಿನ್ ಕೈ ಹೆಂಗ ಬಂತು?" ಎಂದು ಕೇಳಿದೆ.

"ನಮ್ಮ ದೊಡ್ಡ ಹಮಾಲಿ ಮರಿಬಸಪ್ಪಜ್ಜ ಇದ್ದ. ದಿನಾ ಸಂಜಿಕ ನನ್ ಕಡಿಂದ ಖಾಲಿ ಬೋರಾ ಎತ್ತಿಸಿಕೊಂಡು 'ಬರುವು' ಅಂತ ಕೂಗತಿದ್ದ. ಖಾಲಿ ಬೋರಾಕ್ಕ! ಮಾರ್ಕೆಟ್ಟು ಪೂರ್ತಿ ಕೇಳೋಹಂಗ. ಆಮ್ಯಾಲ ಕಾಲು ಬೋರಾ. ಆಮ್ಯಾಲ ಅರ್ಧ."

ಮರುದಿನ ನಾನು ಗೋದಾಮಿಗೆ ಹೋಗಿ ಬಾಗಿಲ ಹೊರಗೇ ನಿಂತೆ. ಒಳಗೆ ತಿಪ್ಪೇಶ ಚೇತನಾಳಿಗೆ ಬೆನ್ನು ಕೊಟ್ಟು ಕೂತಿದ್ದ.

"ಬಿಗಿಯಾಕ ಹೋಗಬ್ಯಾಡವ್ವ. ತೋಳು ಇಡು, ಸಾಕು. ಇದು ಮುಟ್ಟಿ ನೋಡೋ ಆಟ."

ಅವಳು ತೋಳು ಇಟ್ಟಳು. ಅವನು ಗಾದಿಯನ್ನು ಎರಡು ಸಲ ತಟ್ಟಿ "ಬರುವು!" ಎಂದು ಕೂಗಿದ. ಸಾಯಿಕುಮಾರ್ ಬೆಚ್ಚಿ ತಿರುಗಿ ನೋಡಿದ. ಅವಳು ಬಿಟ್ಟಳು. ಮತ್ತೆ ಇಟ್ಟಳು. ಮತ್ತೆ ಕೂಗಿದ. ಹಾಗೆ ಎಷ್ಟು ಸಲವೋ. ಎರಡನೆಯ ದಿನ ಸ್ವಲ್ಪ ಬಿಗಿ, ಮೂರನೆಯ ದಿನ ಇನ್ನೊಂದು ಚೂರು. ತಾಕಿದಷ್ಟಕ್ಕೆ ಸರಿಯಾಗಿ ಅವನ ಕೂಗೂ ಬರುತ್ತಿತ್ತು. ಸಡಿಲ ಬಿಟ್ಟರೆ ಸುಮ್ಮನೆ ಕೂತು, "ಎಲ್ಲಿಗ್ ಹೋತವ್ವ ನಿನ್ ತೋಳು, ಕಾಲೇಜಿಗೆ ಹೋತೇನು?" ಎಂದು ಕೇಳುತ್ತಿದ್ದ. ಮೂರನೆಯ ದಿನ ಅವಳು ನಕ್ಕಳು. ಆ ನಗು ಕೇಳಿ ಬಾಗಿಲ ಹೊರಗೆ ನಾನು ಚಪ್ಪಲಿ ಹುಡುಕುವವನ ಹಾಗೆ ಬಗ್ಗಿದೆ, ಯಾರೂ ಮುಖ ನೋಡದಿರಲಿ ಎಂದು.

ಎಂಟು ಗಂಟೆಗೆ ಮಾರುಕಟ್ಟೆಗೆ ಹೋಗಬೇಕಾದವನು ಆ ದಿನಗಳಲ್ಲಿ ಒಂಬತ್ತಕ್ಕೆ ಹೋಗುತ್ತಿದ್ದ. ಕೊಟ್ರೇಶ ಎಂಬ ಹಮಾಲಿ ಅಷ್ಟು ಹೊತ್ತು ಬೇರೆ ಯಾರನ್ನೂ ಜೋಡಿ ಮಾಡಿಕೊಳ್ಳದೆ ಗೇಟಿನಲ್ಲಿ ಬೀಡಿ ಸೇದುತ್ತ ಅವನಿಗಾಗಿ ಕಾಯುತ್ತಿದ್ದ. ಇದನ್ನು ತಿಪ್ಪೇಶ ನನಗೆ ಹೇಳಲಿಲ್ಲ, ಕೊಟ್ರೇಶನೇ ಹೇಳಿ ನನ್ನನ್ನು ಚೆನ್ನಾಗಿ ಬೈದ. ಬೈಸಿಕೊಂಡೆ.

ಶನಿವಾರದ ಹೊತ್ತಿಗೆ ತಿಪ್ಪೇಶನ ಕೂಡ ಅವಳ ಪಟ್ಟು ಪೂರ್ತಿಯಾಗುತ್ತಿತ್ತು. ಸಾಯಿಕುಮಾರನ ಕೂಡ ಹತ್ತರಲ್ಲಿ ಆರು ಸಲ. ಉದಯಕುಮಾರ್ ತಲೆ ಅಲ್ಲಾಡಿಸಿದ. "ತಿಪ್ಪೇಶಣ್ಣ ಆದ್ರ ಸರಿ. ಪಂದ್ಯದಾಗ ತಿಪ್ಪೇಶಣ್ಣ ಇರಂಗಿಲ್ಲಲ್ಲ."

ಆಗ ತಿಪ್ಪೇಶ ಬಾಗಿಲಿನ ಕಡೆ ನೋಡಿ ಕರೆದ. "ಏಕಾಂತಣ್ಣ, ನಾಕು ದಿನದಿಂದ ಬಾಗಲಾ ಕಾಯಾಕತ್ತೀರಿ. ಒಳಗ ಬರ್ರಿ. ಬೀಗದಕೈ ತಗದು ಬರ್ರಿ."

ನಾನು ಒಳಗೆ ಹೋದೆ. ಚೇತನಾ ಎದ್ದು ನಿಂತಳು. "ಬ್ಯಾಡಪ್ಪ" ಎಂದಳು.

"ಕುಂದ್ರವ್ವ" ಎಂದು ನಾನು ಅವಳಿಗೆ ಬೆನ್ನು ಕೊಟ್ಟು ಕೂತೆ.

ಹಿಂದಿನಿಂದ ಅವಳ ದನಿ ಬಂತು. "ತಟ್ಟತೀಯೇನು?"

"ತಟ್ಟತೀನಿ."

"ಆಣಿ ಮಾಡು."

"ಆಣಿ."

ಅವಳ ತೋಳು ಕುತ್ತಿಗೆಗೆ ಬಂತು. ಮುಟ್ಟಿಯೂ ಮುಟ್ಟದ ಹಾಗಿತ್ತು. ನನಗೆ ತಡೆಯಲಾಗಲಿಲ್ಲ, ಅವಳು ಬಿಗಿಯುವ ಮೊದಲೇ ಟಪಟಪ ತಟ್ಟಿಬಿಟ್ಟೆ. ಅವಳು ಕೈ ತೆಗೆದು ನನ್ನ ಮುಂದೆ ಬಂದು ಕೂತಳು. ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು. ಆ ಸಿಟ್ಟು ನನ್ನಿಂದಲೇ ಅವಳಿಗೆ ಬಂದದ್ದು.

"ಇದು ಸುಳ್ಳಪ್ಪ. ನಾನು ಬಿಗಿದೇ ಇಲ್ಲ. ಆವತ್ತು ಸುಳ್ಳು ಹೇಳಿದಿ, ಇವತ್ತೂ ಸುಳ್ಳು ಹೇಳಾಕತ್ತೀ. ನಿನ್ನ ಹೆಂಗ ನಂಬಲಿ ನಾನು?"

ತಿಪ್ಪೇಶ ನನ್ನ ಹತ್ತಿರ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳಿದ, "ಅಣ್ಣ, ಮುಟ್ಟೋ ಆಟ ಮುಗದೈತ್ರಿ. ಈಗ ಬೋರಾ ತುಂಬೈತಿ. ಭಾರ ಆದಾಗ ಕೂಗ್ರಿ. ಮೊದಲೂ ಬ್ಯಾಡ, ಆಮ್ಯಾಲೂ ಬ್ಯಾಡ."

ಎರಡನೆಯ ಸಲ ನಾನು ನಿಜವಾಗಿ ಹಿಡಿದೆ. ಅವಳ ಮಣಿಕಟ್ಟು ಬಿಡಿಸಿದೆ, ತಿರುಗಲು ನೋಡಿದೆ. ಅವಳು ಬಿಡಲಿಲ್ಲ. ನನ್ನ ಎಡಗೈಯನ್ನು ಕಾಲಿನಿಂದ ಒತ್ತಿಹಿಡಿದಳು, ಬಲಗೈಯನ್ನು ತನ್ನ ಕೈಯಿಂದ. ತೋಳು ಗದ್ದದ ಕೆಳಗೆ ಇಳಿಯಿತು. ನಿಧಾನವಾಗಿ ಬಿಗಿಯಿತು. ಅರ್ಧಕ್ಕೆ ಬಂದು ನಿಂತಿತು. ಅವಳ ಉಸಿರು ನನ್ನ ಕಿವಿಯಲ್ಲಿ ನಿಂತಿತ್ತು. ನಾನು ಅಲ್ಲಾಡಲಿಲ್ಲ. ಕಾದೆ. ಮತ್ತೆ ಬಿಗಿಯಿತು, ಪೂರ್ತಿ ಬಿಗಿಯಿತು. ತಟ್ಟೋಣ ಎಂದರೆ ಎರಡೂ ಕೈ ಸಿಕ್ಕಿಬಿದ್ದಿದ್ದವು. ಹಲ್ಲು ತಾನಾಗಿಯೇ ಕಚ್ಚಿಕೊಳ್ಳಲು ಬಂತು. ಮೂವತ್ತು ವರ್ಷದ ಚಾಳಿ.

ಬಾಯಿ ಬಿಟ್ಟೆ.

"ಬರುವು!"

ಎಷ್ಟು ಜೋರಾಗಿ ಕೂಗಿದೆನೋ, ಸೂರಿನ ಪಾರಿವಾಳಗಳು ಎದ್ದವು. ಮಾತು ಮುಗಿಯುವ ಮೊದಲೇ ಅವಳು ಬಿಟ್ಟಿದ್ದಳು. ಹಿಂದಿನಿಂದಲೇ ನನ್ನ ಹೆಗಲಿಗೆ ಹಣೆ ಹಚ್ಚಿದಳು. ನಾನು ಕೆಮ್ಮುತ್ತಿದ್ದೆ. ಅವಳು ಬೆನ್ನು ಸವರಿದಳು.

"ನೀರು ಕುಡೀತೀಯಾ?"

"ಬ್ಯಾಡ. ಇನ್ನೊಮ್ಮಿ ಹಿಡಿ."

ಅವತ್ತು ಏಳು ಸಲ ಹಿಡಿದಳು. ಏಳರಲ್ಲಿ ನಾನು ಒಂದು ಸಲ ತಪ್ಪಿಸಿಕೊಂಡೆ, ಆರು ಸಲ ಕೂಗಿದೆ. ಕೊನೆಯ ಎರಡರಲ್ಲಿ ಅವಳ ತೋಳು ಎಲ್ಲೂ ನಿಲ್ಲಲಿಲ್ಲ. ಉದಯಕುಮಾರ್ ಮೊಬೈಲ್ ತೆಗೆದು ಅಲ್ಲೇ ಹೆಸರು ಕಳಿಸಿದ. ನಾನು ತಿಪ್ಪೇಶನಿಗೆ ಏನಾದರೂ ಹೇಳಬೇಕೆಂದು ತಿರುಗಿದೆ. ಅವನು ಆಗಲೇ ಸೈಕಲ್ ಹತ್ತಿ ಗೇಟು ದಾಟಿದ್ದ. ಕೊಟ್ರೇಶ ಕಾಯುತ್ತಿದ್ದನಲ್ಲ.

ವಿಜಯವಾಡಕ್ಕೆ ತಿಪ್ಪೇಶ ಬರಲಿಲ್ಲ. ಹತ್ತಿ ಸೀಸನ್ನು, ದಿನಕ್ಕೆ ನೂರಾರು ಗಾಡಿ. ಚೇತನಾ ಮೊದಲ ಪಂದ್ಯ ಗೆದ್ದಳು, ಎರಡನೆಯದು ಸೋತಳು. ಗೆದ್ದದ್ದು ಅದೇ ಪಟ್ಟಿನಲ್ಲಿ. ಎದುರಿನ ಹುಡುಗಿ ತಟ್ಟಿದಳು, ಇವಳು ಬಿಟ್ಟಳು. ಸೋತಾಗ ತೋಳು ಸಿಕ್ಕಿತು, ಇವಳೂ ಸರಿಯಾದ ಹೊತ್ತಿಗೆ ತಟ್ಟಿ ಎದ್ದು ಬಂದಳು. ಮೊದಲಾಗಿದ್ದರೆ ನಾನು ಗ್ಯಾಲರಿಯಿಂದ ಯಾಕೆ ತಟ್ಟಿದಿ ಎಂದು ಕೂಗಾಡುತ್ತಿದ್ದೆ.

ಊರಿಗೆ ಬಂದ ದಿನ ಅವಳನ್ನು ಕರೆದುಕೊಂಡು ಮಾರುಕಟ್ಟೆಗೆ ಹೋದೆ. ತಿಪ್ಪೇಶ ಒಬ್ಬನ ಬೆನ್ನಿಗೆ ಬೋರಾ ಕೊಡುತ್ತಿದ್ದ. ನಾವು ನಿಂತೆವು. ಅವನು ನಮ್ಮನ್ನು ನೋಡಿದರೂ ಕೈ ತೆಗೆಯಲಿಲ್ಲ. ಹೊರುವವನು ಉಸಿರು ಬಿಟ್ಟು ಹೆಜ್ಜೆ ಇಟ್ಟ ಮೇಲೆ ಟವಲಿನಿಂದ ಮುಖ ಒರೆಸಿಕೊಂಡು ಬಂದ. ಚೇತನಾ ಫೋನಿನಲ್ಲಿ ಪಂದ್ಯ ತೋರಿಸಿದಳು. ಧೂಳಿನ ಕೈಯಿಂದ ಫೋನು ಮುಟ್ಟಬಾರದೆಂದು ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ. ಮುಗಿದ ಮೇಲೆ ಇನ್ನೊಮ್ಮೆ ತೋರಿಸು ಎಂದ. ಎದುರಿನ ಹುಡುಗಿ ತಟ್ಟಿದ ಜಾಗಕ್ಕೆ ಬಂದಾಗ ಮುಖ ಇನ್ನೂ ಹತ್ತಿರ ತಂದ.

"ಆ ಹುಡುಗಿ ಕುತ್ತಿಗಿ ಏನೂ ಆಗಲಿಲ್ಲ ಹೌದಿಲ್ಲವ್ವ?"

"ಏನೂ ಆಗಲಿಲ್ಲ ಕಾಕಾ. ಆಮ್ಯಾಲ ಇಬ್ರೂ ಕೂಡೇ ಇಡ್ಲಿ ತಿಂದ್ವಿ."

"ಹಂಗಾರ ಚಲೋ ಆತು" ಎಂದ. ಅಷ್ಟರಲ್ಲಿ ಹಲಗೆಯ ಮೇಲಿಂದ ಯಾರೋ "ಬರುವು!" ಎಂದು ಕೂಗಿದರು. ತಿಪ್ಪೇಶ ಟವಲು ಅಲ್ಲೇ ಬಿಸಾಡಿ ಓಡಿದ. ಅವನ ಹಿಂದೆ ನಾನೂ ಓಡಿದೆ.